ಹೊಸದುರ್ಗದ ಡಬ್ಬಿಗಳು

ಆ ಚಳಿಗಾಲದಲ್ಲಿ ನನ್ನ ಕೆಲಸವೆಂದರೆ ನಾಲ್ಕು ಊರಿನ ಕೂಸುಗಳ ಕಕ್ಕಕ್ಕಾಗಿ ಕಾಯುವುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಹೀಗೆ ಊರಿಗೊಂದು ಆಸ್ಪತ್ರೆ ಗೊತ್ತುಮಾಡಿಕೊಂಡಿದ್ದೆವು. ಐದು ವರ್ಷದೊಳಗಿನ ಮಗು ವಾಂತಿ ಭೇದಿಯಾಗಿ ಬಂದರೆ ಅದರ ಮಲವನ್ನು ಬಿಳಿ ಮುಚ್ಚಳದ ಪುಟ್ಟ ಡಬ್ಬಿಯಲ್ಲಿ ಹಿಡಿದು, ಐಸ್ ಪ್ಯಾಕಿನ ಪೆಟ್ಟಿಗೆಯಲ್ಲಿಟ್ಟು, ಬಸ್ಸಿಗೆ ಹಾಕಿ ಚಿತ್ರದುರ್ಗದ ನಮ್ಮ ಲ್ಯಾಬಿಗೆ ಕಳಿಸಬೇಕು. ರೋಟಾ ಲಸಿಕೆಯ ಹನಿ ಹಾಕಿಸಿಕೊಂಡ ಮಕ್ಕಳಿಗೂ ಒಮ್ಮೊಮ್ಮೆ ಭೇದಿ ಬರುತ್ತಿತ್ತು. ಅದಕ್ಕೆ ಕಾರಣ ರೋಟಾ ವೈರಸ್ಸೇ, ಇಲ್ಲಾ ನೋರೋ, ಅಡೆನೋ, ಆಸ್ಟ್ರೋ ಎಂಬ ಬೇರೆ ವೈರಸ್ಸುಗಳೇ ಎಂದು ಹೆಸರು ಹಿಡಿದು ಹೇಳುವುದು ನಮ್ಮ ಪಾಲಿನ ಕೆಲಸ. ಊಟಕ್ಕೆ ಕೂತಾಗ ಲ್ಯಾಬಿನ ಮಾತೆತ್ತಬಾರದೆಂದು ನಮ್ಮ ಮನೆಯಲ್ಲಿ ಕಾನೂನೇ ಆಗಿತ್ತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೆಸರು ಗೊತ್ತಾದ ಮಾತ್ರಕ್ಕೆ ಆ ಮಗುವಿಗೆ ಕೊಡುವ ಚಿಕಿತ್ಸೆ ಬದಲಾಗುವುದಿಲ್ಲ. ಓಆರ್‌ಎಸ್ ನೀರು, ಜಿಂಕ್ ಮಾತ್ರೆ, ಎದೆಹಾಲು, ತೀರಾ ಬಾಡಿದ್ದರೆ ಡ್ರಿಪ್. ಯಾವ ವೈರಸ್ ಆದರೂ ಇಷ್ಟೇ. ನಮ್ಮ ವರದಿ ಕೈಸೇರುವ ಹೊತ್ತಿಗೆ ಮಗು ಒಂದೋ ಆಡಿಕೊಂಡಿರುತ್ತದೆ, ಇಲ್ಲವೋ ಇರುವುದಿಲ್ಲ. ಹಾಗಾಗಿ ಒಂದು ಮಗುವಿನ ವರದಿಯ ಮೇಲೆ ಯಾರದೋ ಬದುಕು ನಿಂತಿರಬಹುದು ಎಂದು ನನಗೆ ಅನ್ನಿಸಿರಲೇ ಇಲ್ಲ.

ಮಾದರಿಯನ್ನು ವಾರ್ಡಿನಲ್ಲೇ ಹಿಡಿಯಬೇಕು ಎನ್ನುವುದು ನಿಯಮ. ಮೂರು ಊರಿನಲ್ಲಿ ಅದು ನಡೆಯಿತು. ಹೊಸದುರ್ಗದಲ್ಲಿ ನಡೆಯಲಿಲ್ಲ. ಅಲ್ಲಿಗೆ ಬರುವವರು ಹೆಚ್ಚಿನಂಶ ಸುತ್ತಲ ಹಳ್ಳಿಗಳವರು. ಬೆಳಿಗ್ಗೆ ಬಂದು, ಮಗುವಿಗೆ ನಾಲ್ಕು ಚಮಚ ನೀರು ನಿಂತಿತು ಅಂದ ಕೂಡಲೇ ಮಧ್ಯಾಹ್ನದ ಬಸ್ಸಿಗೆ ಎದ್ದು ಹೊರಡುವವರು. ನಮಗೆ ಬೇಕಾದಾಗ ಕಕ್ಕ ಮಾಡು ಎಂದು ಕೂಸಿಗೆ ಹೇಳಲಾದೀತೇ. ಎರಡು ವಾರ ಪೆಟ್ಟಿಗೆ ಖಾಲಿ ಬಂದ ಮೇಲೆ ನಾನೇ ಒಂದು ದಾರಿ ಮಾಡಿದೆ. ಡಬ್ಬಿಯನ್ನು ತಾಯಂದಿರ ಕೈಗೆ ಕೊಟ್ಟು ಕಳಿಸಿ, ಮನೆಯಲ್ಲಿ ಹಿಡಿದು ಮಾರನೇ ಬೆಳಿಗ್ಗೆ ತರಲಿ ಎಂದೆ. ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸರ್ ಗೊಣಗಿ ಒಪ್ಪಿದರು. ಉಪಾಯ ನನ್ನದೇ, ಅದರ ಹೆಮ್ಮೆಯೂ ನನಗೇ ಇತ್ತು.

ಡಬ್ಬಿ ತುಂಬುವ ಬಗೆ ತೋರಿಸಿಕೊಡಲು ಹೊಸದುರ್ಗಕ್ಕೆ ಹೋದ ದಿನವೇ ಆ ತಾಯಿ ಕಂಡಿದ್ದು. ಹೊರಗಿನ ಬೆಂಚಿನ ಮೇಲೆ ಎಂಟು ತಿಂಗಳ ಗಂಡುಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಲ್ಲಿ ಓಆರ್‌ಎಸ್ ಕುಡಿಸುತ್ತಿದ್ದಳು. ಕೂಸಿನ ಕಣ್ಣು ಗುಳಿಬಿದ್ದಿತ್ತು, ಅಳು ಬರುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಪಕ್ಕದಲ್ಲಿ ಅತ್ತೆ. ಕುರಿ ಸಾಕುವ ಮನೆ, ಗಂಡಸರು ಮಂದೆ ಹೊಡೆದುಕೊಂಡು ಹಿರಿಯೂರಿನ ಆಚೆ ಹೋಗಿದ್ದರಂತೆ.

“ಎದೆಹಾಲು ಕುಡಿಸ್ತಿದ್ದೀಯಲ್ಲಮ್ಮ?” ಎಂದು ಕೇಳಿದೆ.

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು. “ಅದು ಕುಡ್ಸೇ ಇಂಗಾಗಿರದು ಮೇಡಮ್ಮೋರೆ. ಇವ್ಳ ಹಾಲು ನಂಜಾಗೈತೆ. ಮೊದ್ಲ ಹೆಣ್ಣುಕೂಸಿಗೂ ಇಂಗೇ ನೀರ್ನೀರು ಕಿತ್ಕಂಡು ಮೂರ್ ದಿನದಾಗೆ ಹೋಗಿಬಿಡ್ತು. ಆವಾಗ್ಲೂ ಬ್ಯಾಡ ಕಣೆ ಅಂದಿದ್ದೆ. ಕೇಳಲಿಲ್ಲ.”

ಒಳಗಿನಿಂದ ಡಾಕ್ಟರು, ಹಾಲು ಬಿಡಿಸಬೇಡಿ, ಅದರಿಂದಲೇ ಮಗು ಉಳಿಯುವುದು ಎಂದು ಅದಾಗಲೇ ಎರಡು ಸಲ ಹೇಳಿ ಆಗಿತ್ತು. ಅತ್ತೆಯದು ಕೆಟ್ಟ ಮುಖವಲ್ಲ. ಒಂದು ಕೂಸನ್ನು ಮಣ್ಣು ಮಾಡಿ ಬಂದವಳ ಹೆದರಿಕೆ ಅದರಲ್ಲಿತ್ತು. ಸೊಸೆ ತಲೆ ಎತ್ತದೆ ನನ್ನನ್ನು ಕೇಳಿದಳು.

“ನಿಮ್ ಪರೀಕ್ಷೆಯಾಗೆ ಇದು ಏನು ಅಂತ ಗೊತ್ತಾಗುತ್ತಾ ಮೇಡಂ?”

“ಗೊತ್ತಾಗುತ್ತೆ.”

“ಅದ್ರ ಹೆಸ್ರು ಬರ್ದು ಕೊಡ್ತೀರಾ?”

“ಕೊಡ್ತೀನಮ್ಮ. ನಾಲ್ಕು ದಿನ ಟೈಮ್ ಕೊಡು.”

ಅತ್ತೆ ನನ್ನತ್ತ ತಿರುಗಿದಳು. “ಆತು ಬಿಡ್ರಿ. ನಿಮ್ ಕಾಗ್ದ ಬರ್ಲಿ. ರೋಗದ ಹುಳ ಐತೆ ಅಂತ ಬಂದ್ರೆ ಇವ್ಳು ಕುಡ್ಸ್ಲಿ, ನಾನು ಬಾಯಿ ಬಿಡಲ್ಲ. ಏನೂ ಇಲ್ಲ ಅಂತ ಬಂದ್ರೆ ಮಾತ್ರ ನಾನು ಹೇಳ್ದಂಗೆ ಆಗ್ಬೇಕು.”

ಆಗ ನಾನು ಹೇಳಬೇಕಾಗಿದ್ದ ಮಾತು ಒಂದಿತ್ತು. ಪರೀಕ್ಷೆಗೆ ಸಿಗಲಿಲ್ಲ ಎಂದರೆ ರೋಗವೇ ಇಲ್ಲ ಎಂದಲ್ಲ ಅಂತ. ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. ಆದರೆ ಕೂಸಿನ ಲಕ್ಷಣ ನೋಡಿದರೆ ರೋಟಾ ಎಂದು ಕಣ್ಣುಮುಚ್ಚಿ ಹೇಳಬಹುದಾಗಿತ್ತು. ಮೊದಲು ವಾಂತಿ, ಆಮೇಲೆ ಜ್ವರ, ಆಮೇಲೆ ನೀರಿನಂಥ ಭೇದಿ, ಅದೂ ಚಳಿಗಾಲದಲ್ಲಿ. ನನ್ನ ಮಾತು ಗೆದ್ದೇ ಗೆಲ್ಲುತ್ತದೆ ಎಂಬ ಧಿಮಾಕಿನಲ್ಲಿ ಸುಮ್ಮನಾದೆ. ಮಧ್ಯಾಹ್ನದ ಬಸ್ಸಿನ ತನಕ ಕೂಸು ಏನೂ ಮಾಡಲಿಲ್ಲ. ಡಬ್ಬಿಯನ್ನು ಅವಳ ಕೈಗೆ ಕೊಟ್ಟು ಕಳಿಸಿದೆವು. ಮಾರನೇ ದಿನ ಅದು ತುಂಬಿ ಬಂತು.

ರೋಟಾ ಪರೀಕ್ಷೆಗೆ ಎಲೈಸಾ ಎನ್ನುತ್ತಾರೆ. ಹೆಸರುಕಾಳಿನಷ್ಟು ಮಲವನ್ನು ದ್ರಾವಣದಲ್ಲಿ ಕದಡಿ, ಪಡ್ಡಿನ ಹಂಚಿನ ಹಾಗೆ ಸಾಲು ಸಾಲು ಗುಳಿಗಳಿರುವ ಪ್ಲಾಸ್ಟಿಕ್ ಪ್ಲೇಟಿಗೆ ಹನಿ ಹನಿ ಹಾಕಬೇಕು. ಗುಳಿಯ ತಳದಲ್ಲಿ ವೈರಸ್ಸನ್ನು ಹಿಡಿಯುವ ಲೇಪವಿರುತ್ತದೆ. ಮೇಲೆ ಇನ್ನೊಂದು ದ್ರಾವಣ ಹಾಕಿ, ಒಂದು ಗಂಟೆ ಬಿಟ್ಟು, ಐದು ಸಲ ತೊಳೆದು, ಕೊನೆಗೆ ಬಣ್ಣದ ನೀರು ಹಾಕಿದರೆ, ವೈರಸ್ ಇದ್ದ ಗುಳಿ ನೀಲಿಯಾಗುತ್ತದೆ. ಆಸಿಡ್ಡಿನ ಒಂದು ಹನಿ ಬಿದ್ದರೆ ಅದೇ ನೀಲಿ ಅರಿಶಿನವಾಗುತ್ತದೆ. ತೊಳೆಯುವುದರಲ್ಲಿ ಹೆಚ್ಚುಕಡಿಮೆಯಾದರೆ ಎಲ್ಲ ಗುಳಿಯೂ ಅರಿಶಿನ. ಆದ್ದರಿಂದ ಅದನ್ನು ನಾನು ಯಾರ ಕೈಗೂ ಬಿಡುತ್ತಿರಲಿಲ್ಲ.

ಆ ವಾರದ ಪ್ಲೇಟಿನಲ್ಲಿ ಚಿತ್ರದುರ್ಗದ ಸಾಲು, ಹಿರಿಯೂರಿನ ಸಾಲು, ಹೊಳಲ್ಕೆರೆಯ ಸಾಲು, ಮೂರರಲ್ಲೂ ಅಲ್ಲಲ್ಲಿ ಅರಿಶಿನ ಬಂತು. ಹೊಸದುರ್ಗದ ಸಾಲು ನೀರಿನ ಹಾಗೆ ತಿಳಿಯಾಗಿ ಕೂತಿತ್ತು. ಆ ಕೂಸಿನ ಗುಳಿಯೂ ಹಾಗೇ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಐಸ್ ಸರಿಯಾಗಿ ಇಟ್ಟಿಲ್ಲ, ಪೆಟ್ಟಿಗೆ ಬಸ್ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ಬಿದ್ದಿದೆ ಎಂದು ನಾನೇ ತೀರ್ಮಾನ ಮಾಡಿ ಹೊಸದುರ್ಗದ ಆಸ್ಪತ್ರೆಯ ಸಿಸ್ಟರಿಗೆ ಫೋನು ಮಾಡಿದೆ. ನನಗಿಂತ ಹತ್ತು ವರ್ಷ ದೊಡ್ಡವರು, ನಿವೃತ್ತಿಯ ಹೊಸ್ತಿಲಲ್ಲಿದ್ದವರು. ನಮ್ಮ ಡಬ್ಬಿಯ ಕೆಲಸ ಅವರ ಮೇಲೆ ಬಿದ್ದ ಹೆಚ್ಚಿನ ಹೊರೆ. ಬಾಯಿಗೆ ಬಂದಂತೆ ಅಂದೆ.

“ಐಸ್ ಪ್ಯಾಕ್ ನಾನೇ ಕೈಯಾರೆ ಇಟ್ಟಿದೀನಿ ಮೇಡಂ. ಬಸ್ಸಿಗೂ ನಾನೇ ಹೋಗಿ ಕೊಟ್ಟಿದೀನಿ,” ಎಂದರು ಅವರು. ದನಿ ಏರಿಸಲಿಲ್ಲ. “ಬೇಕಾದ್ರೆ ಬೇರೆಯೋರ್ನ ನೋಡ್ಕಳ್ರಿ.”

ಎರಡನೇ ಸಲ ಹೊಸ ಕಿಟ್ ಒಡೆದು ಮಾಡಿದೆ. ಅದೇ ಫಲ. ಕಿಟ್ಟಿನ ಜೊತೆ ಬರುವ, ಕಂಟ್ರೋಲ್ ಎಂಬ ತಾಳೆ ನೋಡುವ ಗುಳಿಗಳು, ಒಂದು ಬಣ್ಣ ಬರಲೇಬೇಕಾದದ್ದು, ಒಂದು ಬರಲೇಬಾರದ್ದು, ಎರಡೂ ಸರಿಯಾಗಿದ್ದವು. ಪ್ಲೇಟು ಸರಿ ಎಂದ ಮೇಲೆ ವರದಿ ತಡೆಹಿಡಿಯಲು ಕಾರಣ ಉಳಿಯುವುದಿಲ್ಲ. ಸರ್ ಬಂದು ನೋಡಿ, “ಕಂಟ್ರೋಲ್ ಪಾಸಾಗಿದೆ ಅಂದ್ಮೇಲೆ ಮುಗೀತು, ಕಳಿಸಿ,” ಎಂದರು. ಕಳಿಸಿದೆ. ಆ ಕೂಸಿನ ಹೆಸರಿನ ಮುಂದೆ, ರೋಟಾ ವೈರಸ್ ಪತ್ತೆಯಾಗಿಲ್ಲ. ಇನ್ನೊಂದು ಪರೀಕ್ಷೆ ಬಾಕಿ ಇದೆ, ಉಳಿದ ವೈರಸ್ಸುಗಳನ್ನು ನೋಡುವುದಿದೆ ಎಂದು ತಾಯಿಗೆ ತಿಳಿಸಿ ಅಂತ ಸಿಸ್ಟರಿಗೆ ಹೇಳಿದೆ. ಅವರು ಹೇಳಿದ್ದರು ಕೂಡ. ಆದರೆ ಬಾಯಿಮಾತು ಬಾಯಿಮಾತು, ಕಾಗದ ಕಾಗದ.

ಉಳಿದ ವೈರಸ್ಸುಗಳಿಗೆ ಪಿಸಿಆರ್ ಮಾಡಬೇಕು. ಅದು ದುಬಾರಿ ಪರೀಕ್ಷೆ, ಒಂದೊಂದು ಮಾದರಿಗೆ ಮಿಷನ್ ಓಡಿಸುವಂತಿಲ್ಲ. ರೋಟಾ ಇಲ್ಲ ಎಂದು ಬಂದವನ್ನೆಲ್ಲ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿಟ್ಟು, ಒಂದು ಪ್ಲೇಟಿಗಾಗುವಷ್ಟು ಸೇರಿದ ಮೇಲೆ ಒಟ್ಟಿಗೇ ಮಾಡುವುದು ವಾಡಿಕೆ. ಸೇರುವುದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರ ನಾನು ಆ ತಾಯಿಯನ್ನು ನೆನೆಯಲಿಲ್ಲ ಎಂದರೆ ಸುಳ್ಳು. ನೆನೆದೆ, ಆದರೆ ಹೊಸ ಡಬ್ಬಿಗಳು ಬರುತ್ತಲೇ ಇದ್ದವು.

ಪಿಸಿಆರ್‌ನಲ್ಲಿ ಪ್ರತಿ ಮಾದರಿಗೂ ನಾವೇ ಒಂದು ಗುರುತಿನ ಆರ್‌ಎನ್‌ಎ ಬೆರೆಸಿರುತ್ತೇವೆ. ಅದು ಪರದೆಯ ಮೇಲೆ ಗೆರೆಯಾಗಿ ಏಳಬೇಕು. ಎದ್ದರೆ ಆ ಮಾದರಿಯಲ್ಲಿ ಪರೀಕ್ಷೆ ನಡೆದಿದೆ ಎಂದು ಖಾತ್ರಿ. ಹೊಸದುರ್ಗದ ಹೆಚ್ಚುಕಡಿಮೆ ಎಲ್ಲ ಮಾದರಿಗಳಲ್ಲೂ ಅದು ಮಲಗಿಕೊಂಡೇ ಇತ್ತು. ವೈರಸ್ ಇಲ್ಲವೆಂದಲ್ಲ, ಪರೀಕ್ಷೆಯೇ ನಡೆದಿಲ್ಲ ಎಂದರ್ಥ. ಮಾದರಿಯೊಳಗೆ ಏನೋ ಕೂತು ಅದರ ಕತ್ತು ಹಿಸುಕುತ್ತಿತ್ತು.

ಟ್ಯೂಬುಗಳನ್ನು ಹೊರತೆಗೆದು ಜೋರಾಗಿ ತಿರುಗಿಸಿ ನೋಡಿದೆ. ತಳದಲ್ಲಿ ಬೂದುಬಣ್ಣದ ನುಣ್ಣನೆಯ ಗಸಿ, ನಡುನಡುವೆ ಕರಿ ಚುಕ್ಕೆ. ಇದನ್ನು ಮೊದಲ ದಿನದಿಂದಲೂ ನೋಡಿದ್ದೆ. ನೋಡಿ, ರಾಗಿ ಎಂದುಕೊಂಡಿದ್ದೆ. ಈ ಕಡೆ ಆರು ತಿಂಗಳಾಗುತ್ತಲೇ ಕೂಸಿಗೆ ರಾಗಿ ಸರಿ ತಿನ್ನಿಸುತ್ತಾರೆ. ನಾನೂ ತಿಂದು ಬೆಳೆದಿದ್ದೇನೆ, ನನ್ನ ಮಗಳಿಗೂ ತಿನ್ನಿಸಿದ್ದೇನೆ. ರಾಗಿ ಸರಿ ತಿಂದ ಮಗುವಿನ ಮಲದಲ್ಲಿ ಕರಿ ಚುಕ್ಕೆ ಕಾಣುವುದು ಯಾವ ತಾಯಿಗಾದರೂ ಗೊತ್ತು. ಬೇರೆ ಊರಿನವರಾಗಿದ್ದರೆ ಇದೇನೆಂದು ಮೊದಲ ದಿನವೇ ಕೇಳುತ್ತಿದ್ದರು. ನಾನು ಇಲ್ಲಿಯವಳು, ಎಲ್ಲ ಬಲ್ಲವಳು.

ಆಮ್ಲವೋ ಕ್ಷಾರವೋ ಎಂದು ಬಣ್ಣದಲ್ಲಿ ತೋರಿಸುವ ಪಿಎಚ್ ಪಟ್ಟಿ ಅದ್ದಿದೆ. ಮಲದಲ್ಲಿ ಹೆಚ್ಚೆಂದರೆ ತಿಳಿಹಸಿರಾಗಬೇಕಾದದ್ದು ಕಡುನೀಲಿಯಾಯಿತು. ರಾಗಿ ಹಾಗೆ ಮಾಡುವುದಿಲ್ಲ. ಚಿತ್ರದುರ್ಗದ ಮಾದರಿ ಅದ್ದಿದೆ, ಸರಿಯಿತ್ತು. ಹಿರಿಯೂರಿನದೂ, ಹೊಳಲ್ಕೆರೆಯದೂ ಸರಿಯಿದ್ದವು. ಮತ್ತೆ ಹೊಸದುರ್ಗ, ಕಡುನೀಲಿ. ಮಾರನೇ ಬೆಳಿಗ್ಗೆಯೇ ಬಸ್ ಹತ್ತಿದೆ.

ಸಿಸ್ಟರು ನನ್ನನ್ನು ಕಂಡು ಕುರ್ಚಿ ತೋರಿಸಿದರು. ಟ್ಯೂಬಿನ ಫೋಟೋ ತೋರಿಸಿ, ಇದೇನಿರಬಹುದು ಎಂದು ಕೇಳಿದೆ. ಕನ್ನಡಕ ಹಾಕಿಕೊಂಡು ನೋಡಿದರು.

“ಒಲೆ ಬೂದಿ,” ಎಂದರು, ಅದರಲ್ಲೇನಿದೆ ಎನ್ನುವ ಹಾಗೆ.

“ಬೂದಿ ಯಾಕೆ ಬಂತು ಡಬ್ಬಿಗೆ?”

“ಹಾಕೇ ಹಾಕ್ತಾರಲ್ಲ ಮೇಡಂ. ಕೂಸಿನ ಕಕ್ಕನ ಬರೀದಾಗಿ ಹೊರಗೆ ಕಳಿಸ್ತಾರಾ? ಮನ್ಯಾಗೂ ಅಷ್ಟೇ, ಒಂದಿಷ್ಟು ಬೂದಿ ಉದುರ್ಸಿ ಬಳೀತಾರೆ. ವಾಸ್ನೆ ಬರಲ್ಲ, ನೊಣ ಕೂರಲ್ಲ, ಕಣ್ಣು ತಾಗಲ್ಲ. ಅದೂ ಬಸ್ಸಿನಾಗೆ ನಾಲ್ಕ್ ಜನರ ಮಧ್ಯೆ ತರೋದು. ನಿಮ್ ಮನ್ಯಾಗೆ ಹಾಕ್ತಿರಲಿಲ್ವಾ?”

ಹಾಕುತ್ತಿದ್ದರು. ನನ್ನ ಅಮ್ಮ ನನ್ನ ತಮ್ಮನ ಮಲದ ಮೇಲೆ ಗೆರಟೆಯಲ್ಲಿ ಬೂದಿ ತಂದು ಸುರಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ವಾರ್ಡಿನಲ್ಲಿ ಹಿಡಿದ ಡಬ್ಬಿಗೆ ಬೂದಿ ಎಲ್ಲಿಂದ ಬರಬೇಕು. ಮನೆಗೆ ಕೊಟ್ಟು ಕಳಿಸಿದವಳು ನಾನು. ಡಬ್ಬಿಯನ್ನು ಹೇಗೆ ಹಿಡಿಯಬೇಕು, ಎಷ್ಟು ತುಂಬಬೇಕು, ಮುಚ್ಚಳ ಎಷ್ಟು ಸುತ್ತು ತಿರುಗಿಸಬೇಕು ಎಂದೆಲ್ಲ ಹೇಳಿಕೊಟ್ಟಿದ್ದೆ. ಬೂದಿ ಹಾಕಬೇಡಿ ಎಂದು ಹೇಳಿರಲಿಲ್ಲ. ಬೂದಿಯ ಕ್ಷಾರ ರಾತ್ರಿಯಿಡೀ ಡಬ್ಬಿಯೊಳಗೆ ಕೂತು, ನಾನು ಹುಡುಕುತ್ತಿದ್ದ ವಸ್ತುವನ್ನೇ ತಿಂದು ಮುಗಿಸಿತ್ತು. ಸಿಸ್ಟರಿಗೆ ತಪ್ಪಾಯಿತು ಎಂದೆ. “ಇರ್ಲಿ ಬಿಡ್ರಿ, ಟೀ ಕುಡೀರಿ,” ಎಂದರು. ಅವರು ಮನಸ್ಸಿನಿಂದ ಬಿಟ್ಟಿರಲಿಲ್ಲ, ಅದು ಗೊತ್ತಾಗುತ್ತಿತ್ತು.

ಲ್ಯಾಬಿಗೆ ವಾಪಸ್ ಬಂದು ಆ ಒಂದು ಕೂಸಿನ ಡಬ್ಬಿಯ ಮೇಲೆ ಬಿದ್ದೆ. ಆಮ್ಲ ಹಾಕಿ ಕ್ಷಾರ ಇಳಿಸಿದೆ. ಹತ್ತು ಪಟ್ಟು ತೆಳುವಾಗಿಸಿದೆ, ನೂರು ಪಟ್ಟು ತೆಳುವಾಗಿಸಿದೆ. ನೂರು ಪಟ್ಟಿನಲ್ಲಿ ಗುರುತಿನ ಗೆರೆ ಎದ್ದಿತು. ಆದರೆ ರೋಟಾದ ಗೆರೆ ಇಲ್ಲ, ನೋರೋ ಇಲ್ಲ, ಯಾವುದೂ ಇಲ್ಲ. ಕೊಳೆತು ಹೋದದ್ದನ್ನು ತೊಳೆದು ಹುಡುಕಿದರೆ ಏನು ಸಿಗುತ್ತದೆ. ಈಗ ಹೊಸದಾಗಿ ಮಾದರಿ ತೆಗೆಯಬಹುದಿತ್ತು, ಆದರೆ ಭೇದಿ ನಿಂತು ತಿಂಗಳಾಗುತ್ತ ಬಂದಿತ್ತು. ಸಿಗದೇ ಹೋಗುವುದೇ ಹೆಚ್ಚು. ಸಿಕ್ಕರೂ ಅಂದಿನ ಭೇದಿಗೆ ಇದೇ ಕಾರಣ ಎಂದು ಹೇಳಲು ಬರುವುದಿಲ್ಲ. ಅವಳಿಗೆ ಕೊಡುತ್ತೇನೆಂದ ಹೆಸರು ಇನ್ನು ಯಾರಿಗೂ ಸಿಗುವಂತಿರಲಿಲ್ಲ.

ಸರ್ ಹತ್ತಿರ ಹೋಗಿ, ಹೊಸದುರ್ಗದ ಕಡೆಯ ಮನೆಗಳಿಂದ ಬಂದ ಮಾದರಿಗಳ ವರದಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳೋಣ ಎಂದೆ. “ಒಂದು ಊರಿನ ಲೆಕ್ಕವೇ ಪೂರ್ತಿ ಹೋಗುತ್ತಲ್ಲ,” ಎಂದು ತಲೆ ಹಿಡಿದುಕೊಂಡರು. ಬೂದಿ ಕಂಡವನ್ನಷ್ಟೇ ಬಿಡೋಣ ಎಂದೂ ನೋಡಿದರು. ಯಾವುದರಲ್ಲಿ ಚಿಟಿಕೆ ಬಿದ್ದಿದೆ, ಯಾವುದರಲ್ಲಿ ಇಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ ಎಂದೆ. ಕೊನೆಗೆ ಸಹಿ ಹಾಕಿದರು. ಪ್ರತಿ ಮಗುವಿಗೂ ಹೊಸ ಕಾಗದ ಹೊರಟಿತು. ಮಾದರಿ ಪರೀಕ್ಷೆಗೆ ಯೋಗ್ಯವಾಗಿರಲಿಲ್ಲ, ಹಿಂದಿನ ವರದಿಯನ್ನು ಪರಿಗಣಿಸಬಾರದು. ಕಾರಣದ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಬೂದಿ ಎಂದು ಬರೆದರೆ ಬೂದಿ ಹಾಕಿದವಳು ಯಾರು ಎಂಬ ಮಾತು ಬರುತ್ತದೆ. ಆ ಮನೆಯಲ್ಲಿ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಊಹಿಸುವುದು ಕಷ್ಟವಿರಲಿಲ್ಲ.

ಆ ಒಂದು ಕಾಗದವನ್ನು ಮಾತ್ರ ನಾನೇ ಒಯ್ದೆ. ಹೊಸದುರ್ಗದಿಂದ ಇನ್ನೊಂದು ಬಸ್ಸು, ಅಲ್ಲಿಂದ ಎರಡು ಮೈಲಿ ನಡಿಗೆ. ಅತ್ತೆ ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಗುರುತು ಹಿಡಿದು, “ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ,” ಎಂದು ಕಂಬಳಿ ಹಾಸಿದಳು. ಸೊಸೆ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹೊರಬಂದಳು. ಕೂಸು ಮೈಕೈ ತುಂಬಿಕೊಂಡಿತ್ತು. ನನಗೆ ಸಂತೋಷವಾಯಿತು, ಬಾಯಿಬಿಟ್ಟು ಹೇಳಿಯೂ ಹೇಳಿದೆ.

“ಆಡಿನ ಹಾಲು,” ಎಂದಳು ಅತ್ತೆ. “ನಿಮ್ ಕಾಗ್ದ ಬಂದ ದಿನವೇ ಇವ್ಳದು ಬಿಡಿಸ್ದೆ. ಬೇವಿನ ಸೊಪ್ಪು ಅರ್ದು ಹಚ್ಚಿದ್ವಿ. ನಾಲ್ಕ್ ದಿನ ಅತ್ತ, ಆಮೇಲೆ ಸುಮ್ಕಾದ. ನೋಡ್ರಿ, ಹೆಂಗೆ ಚೇತರಿಸ್ಕಂಡೌನೆ.”

ಭೇದಿ ತಾನಾಗಿಯೇ ನಿಲ್ಲುವ ಕಾಲಕ್ಕೂ ಹಾಲು ಬಿಡಿಸಿದ ಕಾಲಕ್ಕೂ ತಾಳೆಯಾಗಿಬಿಟ್ಟಿತ್ತು. ಈಗ ಅವಳ ಮಾತಿಗೆ ಎದುರಾಗಿ ನಿಲ್ಲುವ ಸಾಕ್ಷಿ ಯಾವುದೂ ಇರಲಿಲ್ಲ. ಹೊಸ ಕಾಗದ ಕೊಟ್ಟೆ, ಓದಿ ಹೇಳಿದೆ. ಹಿಂದಿನದು ಲೆಕ್ಕಕ್ಕಿಲ್ಲ ಎಂದೆ.

“ಯಾಕೆ ಕೆಟ್ಟೋತು ಡಬ್ಬಿ?” ಎಂದು ಕೇಳಿದಳು ಅತ್ತೆ.

ಸೊಸೆ ನನ್ನ ಮುಖ ನೋಡಿದಳು. ಬೂದಿಯಿಂದ ಕೆಟ್ಟದ್ದೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

“ನನ್ನ ತಪ್ಪು,” ಎಂದೆ. “ಮನೆಗೆ ಕೊಟ್ಟು ಕಳಿಸಬಾರದಿತ್ತು. ನಾನು ಕಳಿಸಿದೆ.”

“ಅಂದ್ರೆ ಇವ್ಳ ಹಾಲು ನಂಜಲ್ಲ ಅಂತ ಆತಾ?”

“ನಂಜಲ್ಲಮ್ಮ. ಯಾವ ತಾಯಿ ಹಾಲೂ ಹಾಗಾಗಲ್ಲ. ಆಡಿನ ಹಾಲಿಗಿಂತ ಅದೇ ಒಳ್ಳೇದು ಕೂಸಿಗೆ.”

“ಇದ್ರಾಗೆ ಅಂಗಂತ ಬರ್ದೈತಾ?”

“ಇಲ್ಲ,” ಎಂದೆ.

ಮತ್ತೆ ಬಾಯಿ ಹಾಕಿಸಿದರೆ ಹಾಲು ಬರಬಹುದು, ದಿನಕ್ಕೆ ಏಳೆಂಟು ಸಲ ಪ್ರಯತ್ನ ಮಾಡಬೇಕು ಎಂದು ಸೊಸೆಗೆ ಹೇಳಿದೆ. ಅತ್ತೆ ಬೇಡ ಎನ್ನಲಿಲ್ಲ. ಸೊಸೆ ಗೋಡೆಯ ಕಡೆ ತಿರುಗಿ ಕೂತು, ಸೆರಗು ಸರಿಸಿ ಕೂಸನ್ನು ಎದೆಗೆ ಹಿಡಿದಳು. ಕೂಸು ಮೂಸಿದಂತೆ ಮಾಡಿ, ಮುಖ ತಿರುಗಿಸಿ ನನ್ನತ್ತ ನೋಡಿತು. ಇನ್ನೊಂದು ಕಡೆ ಹಿಡಿದಳು. ಈ ಸಲ ಕೈಯಿಂದ ತಳ್ಳಿ ಅಳತೊಡಗಿತು.

“ದಿನಾ ನೋಡಿದೀನಿ ಮೇಡಂ, ಅತ್ತೆ ಕಾಡಿಗೆ ಹೋದಾಗ,” ಎಂದಳು ಮೆಲ್ಲಗೆ. “ಬತ್ತೋಗೈತೆ.”

ಕೂಸನ್ನು ಅತ್ತೆ ಎತ್ತಿಕೊಂಡು ಹೋದಳು. ಸೊಸೆ ಸೆರಗು ಸರಿಮಾಡಿಕೊಂಡು ನನ್ನ ಹತ್ತಿರ ಬಂದು ಕೂತಳು. “ಹಾಲು ನಂಜಲ್ಲ ಅಂದ್ರಲ್ಲ, ಅದನ್ನ ಬರ್ದು ಕೊಡ್ರಿ,” ಎಂದಳು. ಬ್ಯಾಗಿನಲ್ಲಿದ್ದ ನೋಟ್‌ಬುಕ್ಕಿನಿಂದ ಹಾಳೆ ಹರಿದು, ಈ ತಾಯಿಯ ಎದೆಹಾಲಿನಲ್ಲಿ ದೋಷವಿಲ್ಲ, ಮಗುವಿನ ಭೇದಿಗೆ ಅದು ಕಾರಣವಲ್ಲ ಎಂದು ಬರೆದೆ. ಅವಳು ಕಣ್ಣಾಡಿಸಿದಳು.

“ಹೋದ ಕೂಸಿಂದೂ ಸೇರ್ಸಿ ಬರೀರಿ.”

ಆ ಹೆಣ್ಣುಕೂಸನ್ನು ನಾನು ನೋಡಿರಲಿಲ್ಲ. ಅದಕ್ಕೆ ಡಬ್ಬಿಯಿಲ್ಲ, ನಂಬರಿಲ್ಲ, ಪ್ಲೇಟಿನಲ್ಲಿ ಗುಳಿಯಿಲ್ಲ. ಕಂಡದ್ದನ್ನಷ್ಟೇ ಬರೆಯುವುದು ನನ್ನ ಕಸುಬು. ಆದರೂ ಬರೆದೆ, ಮೊದಲ ಮಗುವಿನ ಸಾವಿಗೂ ಎದೆಹಾಲು ಕಾರಣವಲ್ಲ ಎಂದು. ಕೆಳಗೆ ಸಹಿ ಹಾಕಿದೆ.

ಅವಳು ಅದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಅತ್ತೆ ಕೂಸನ್ನು ಇಳಿಸಿ, ಹಾಳೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ವ್ಯಂಗ್ಯವೇನೂ ಇರಲಿಲ್ಲ ಅವಳ ದನಿಯಲ್ಲಿ.

“ಇದ್ಕೆ ಸೀಲಿಲ್ಲ,” ಎಂದಳು.

ಸೀಲಿದ್ದ ಎರಡು ಕಾಗದಗಳನ್ನು ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಗೂಡಿನಲ್ಲಿಟ್ಟಳು. ನಾನು ಬರೆದ ಹಾಳೆಯನ್ನು ನನಗೆ ವಾಪಸ್ ಕೊಡಲು ಬಂದಳು. ಸೊಸೆ ನಡುವೆ ಕೈ ಚಾಚಿ ಅದನ್ನು ತೆಗೆದುಕೊಂಡಳು.